ಮಡಿ ಮಾಡಿದ ಡೇರೆ

ಅಕ್ಕನ ಅತ್ತೆಮನೆಯವರು ನಡೆದುಕೊಳ್ಳುವ ದೇವರಿಗೆ ಸೂರು ಒಗ್ಗುವುದಿಲ್ಲ. ಬಾಗೂರಿನಿಂದಾಚೆ, ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಗುಡ್ಡವೊಂದರ ನೆತ್ತಿಯ ಮೇಲೆ, ಮೊಣಕಾಲೆತ್ತರದ ಕಲ್ಲಿನಲ್ಲಿ ಆತನ ಸಾನ್ನಿಧ್ಯ. ಹಿಂದೊಮ್ಮೆ ಯಾರೋ ಭಕ್ತರು ಕಟ್ಟಿಸಿದ ಗುಡಿ ಒಂದೇ ಆಷಾಢದ ಗಾಳಿಗೆ ಉರುಳಿಹೋಯಿತಂತೆ. ಅಂದಿನಿಂದ ಗೋಡೆಯನ್ನಾಗಲಿ ಮಾಳಿಗೆಯನ್ನಾಗಲಿ ಅಲ್ಲಿ ಯಾರೂ ಎಬ್ಬಿಸಿಲ್ಲ. ದೇವರೇ ಬಯಲಿನಲ್ಲಿರುವಾಗ ಸೇವೆಗೆ ಬಂದವರು ಸೂರಿನಡಿಯಲ್ಲಿ ಇರಬಾರದೆಂಬುದು ಕಟ್ಟಳೆ. ಮರೆಗೊಂದು ಬಟ್ಟೆಯನ್ನು ಕಟ್ಟಿಕೊಳ್ಳಬಹುದು, ಅಷ್ಟೇ. ಆ ಬಟ್ಟೆಯ ಕೆಳಗೆ ಕುಳಿತು ಮೂರು ಹಗಲು ಮೂರು ರಾತ್ರಿ ದೀಪವನ್ನು ಆರದಂತೆ ಕಾಯುವುದೇ ಆಷಾಢದ ಸೇವೆ.

ಅಕ್ಕ ಈ ಸೇವೆಯನ್ನು ಮೂರು ವರ್ಷ ನಡೆಸುವುದಾಗಿ ಹರಕೆ ಹೊತ್ತಿದ್ದಳು. ಹಿರಿಯೂರಿನ ಹತ್ತಿರ ಹೆದ್ದಾರಿಯಲ್ಲಿ ಅವಳ ಮಗನಿಗೆ ಅಪಘಾತವಾಗಿ, ಅವನು ಹಲವು ದಿನ ಕಣ್ಣು ತೆರೆಯದೆ ಮಲಗಿದ್ದಾಗ ಹೊತ್ತ ಹರಕೆ ಅದು. ಮಗ ಎದ್ದ. ಈಗ ಎಡಗಾಲನ್ನು ತುಸು ಎಳೆದು ನಡೆಯುತ್ತಾನೆ ಎಂಬುದನ್ನು ಬಿಟ್ಟರೆ ಹೊಸದುರ್ಗದಲ್ಲಿ ತನ್ನ ನೌಕರಿಯನ್ನು ನೆಮ್ಮದಿಯಾಗಿ ಮಾಡಿಕೊಂಡಿದ್ದಾನೆ. ಹರಕೆಯ ಎರಡು ವರ್ಷಗಳು ಸುಸೂತ್ರವಾಗಿ ಕಳೆದವು. ಮೂರನೆಯ ವರ್ಷ ಬರುವಷ್ಟರಲ್ಲಿ ಅಕ್ಕನ ಶ್ವಾಸಕೋಶ ಕೆಟ್ಟಿತ್ತು. ಚಳಿಗಾಲವಿಡೀ ಉಬ್ಬಸದಲ್ಲಿ ನರಳಿದವಳನ್ನು ಹಿರಿಯೂರಿನ ವೈದ್ಯರು ಪರೀಕ್ಷಿಸಿ, ಗುಡ್ಡದ ಗಾಳಿಯಲ್ಲಿ ಎದೆ ನೆನೆದರೆ ಆಮೇಲೆ ತಾವು ಹೊಣೆಯಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಅಕ್ಕ ಅವರ ಮಾತನ್ನು ಪೂರ್ತಿ ಕೇಳಿ, ಹಾಗಾದರೆ ನೆನೆಯದಂಥ ಟೆಂಟೊಂದನ್ನು ತರಿಸಿದರಾಯಿತು ಎಂದಳು. ಹರಕೆಯನ್ನು ಮುರಿದರೆ ಕೊಟ್ಟದ್ದನ್ನು ದೇವರು ಹಿಂದಕ್ಕೆ ಕೇಳುತ್ತಾನೆಂಬುದು ಅವಳ ಭಯ. ಅದರ ಮುಂದೆ ಯಾವ ವೈದ್ಯರ ಮಾತೂ ನಿಲ್ಲುವಂತಿರಲಿಲ್ಲ. ಹೀಗೆ ಎಂಬತ್ತನ್ನು ಸಮೀಪಿಸಿದ ನನ್ನ ಅಕ್ಕನ ಉಸಿರು ಒಂದು ಡೇರೆಯ ಬಟ್ಟೆಯ ಮೇಲೆ ನಿಂತಿತು. ಅವಳ ಜೊತೆಗೆ ಗುಡ್ಡದ ಮೇಲೆ ಇರಬೇಕಾದವನು ನಾನು. ಡೇರೆಯನ್ನು ಆರಿಸುವ ಭಾರವೂ ನನ್ನದೇ ಆಯಿತು.

ಮೊದಲು ಡೇರೆಯನ್ನು ತಂದವನು ಸೋದರಳಿಯನೇ. ಚಾರಣಕ್ಕೆ ಹೋಗುವವರು ಬಳಸುವ ನೈಲಾನಿನ ಡೇರೆ ಅದು. ಕೈಚೀಲದಷ್ಟು ಸಣ್ಣ ಗಂಟನ್ನು ಹೊಳಲ್ಕೆರೆಯ ನನ್ನ ಮನೆಯ ತಾರಸಿಯ ಮೇಲೆ ಬಿಚ್ಚಿ, ಬಾಗುವ ಕಡ್ಡಿಗಳನ್ನು ಪೋಣಿಸಿ, ಕಾಲು ಗಂಟೆಯೊಳಗೆ ಗುಮ್ಮಟದ ಆಕಾರದಲ್ಲಿ ನಿಲ್ಲಿಸಿಬಿಟ್ಟ. ಮೇಲೆ ಎರಡನೆಯ ಹೊದಿಕೆ, ಕೆಳಗೆ ನೀರು ಏಳದ ಹಾಸು, ಹೊಲಿಗೆಯ ಮೇಲೆಲ್ಲ ಪಟ್ಟಿ. ನಾನು ಸುತ್ತ ಒಂದು ಪ್ರದಕ್ಷಿಣೆ ಬಂದು, ಇಂಥ ಬೆಳ್ಳುಳ್ಳಿ ಸಿಪ್ಪೆ ಆ ಗಾಳಿಯನ್ನು ತಡೆಯುತ್ತದೆಯೇ ಎಂದು ಕೇಳಿದೆ. ಅವನು ನಕ್ಕ.

"ಮಾವ, ನಿಮ್ಗೆ ಶಾಸ್ತ್ರ ಗೊತ್ತು. ಇದು ಗೊತ್ತಿಲ್ಲ. ಇದನ್ನ ನಂಗೆ ಬಿಡ್ರಿ."

ಆ ಮಾತಿನಲ್ಲಿ ಅಗೌರವವೇನೂ ಇರಲಿಲ್ಲ. ಆದರೂ ಅದು ನನ್ನನ್ನು ಚುಚ್ಚಿತು. ನಾನು ಕೂಡಲೇ ಶಾಸ್ತ್ರದ ಮಾತನ್ನೇ ತೆಗೆದೆ. ಹತ್ತಿ, ನಾರು, ರೇಷ್ಮೆ, ಉಣ್ಣೆ, ಈ ನಾಲ್ಕರಿಂದ ಹುಟ್ಟಿದ್ದು ವಸ್ತ್ರ. ಎಣ್ಣೆಯನ್ನು ಕುದಿಸಿ ಎಳೆದ ದಾರದ್ದು ವಸ್ತ್ರವಲ್ಲ. ಬಟ್ಟೆಯನ್ನು ಮಾತ್ರ ಒಪ್ಪುವ ದೇವರ ಮುಂದೆ ಪ್ಲಾಸ್ಟಿಕ್ಕನ್ನು ಹೊದ್ದು ಕುಳಿತರೆ ಸೂರಿನಡಿ ಕುಳಿತಂತೆಯೇ ಸರಿ ಎಂದು ತೀರ್ಪು ಕೊಟ್ಟೆ. ಅಕ್ಕ ಅಲ್ಲಿಯೇ ಮೆಟ್ಟಿಲಿನ ಮೇಲೆ ಕುಳಿತು ಕೇಳುತ್ತಿದ್ದಳು. ಹಾಗಾದರೆ ಅದು ಬೇಡವೆಂದು ಮಗನಿಗೆ ಹೇಳಿಬಿಟ್ಟಳು. ಅವನು ಕಡ್ಡಿಗಳನ್ನು ಕಳಚಿದ. ನಾನು ಗೆದ್ದಿದ್ದೆ. ಯಾವ ಗ್ರಂಥವೂ ನೈಲಾನನ್ನು ಕುರಿತು ಏನನ್ನೂ ಹೇಳಿಲ್ಲವೆಂಬುದು ನನಗೆ ಆಗಲೂ ಗೊತ್ತಿತ್ತು.

ಮರುದಿನ ನಾನೊಬ್ಬನೇ ಚಿತ್ರದುರ್ಗಕ್ಕೆ ಹೋದೆ. ಲಾರಿಗಳು ನಿಲ್ಲುವ ಬದಿಯ ರಸ್ತೆಯಲ್ಲಿ ತಾಡಪಾಲು ಹೊಲಿಯುವ ವೃದ್ಧ ಸಾಹೇಬರೊಬ್ಬರ ಅಂಗಡಿಯಿದೆ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಬ್ಬಳದಂಥ ಸೂಜಿಯನ್ನು ದಪ್ಪ ಬಟ್ಟೆಯೊಳಗೆ ನುಗ್ಗಿಸುತ್ತಿದ್ದರು. ಯಾವ ಗುಡ್ಡವೆಂದು ಕೇಳಿ, ನಾನು ಹೇಳಿದ ಮೇಲೆ ಸೂಜಿಯನ್ನು ಕೆಳಗಿಟ್ಟರು. ಅಲ್ಲಿ ಎತ್ತರದ ಡೇರೆ ನಿಲ್ಲುವುದಿಲ್ಲ, ಎದ್ದು ನಿಲ್ಲುವ ಆಸೆಯನ್ನು ಬಿಟ್ಟು ಕುಳಿತಿರುವಷ್ಟೇ ಎತ್ತರಕ್ಕೆ ಹೊಲಿಸಬೇಕು, ಅಂಚಿನುದ್ದಕ್ಕೂ ಹಗ್ಗವನ್ನು ಒಳಗಿಟ್ಟು ಎರಡು ಸಾಲು ಹೊಲಿಗೆ ಹಾಕಬೇಕು, ಗೂಟಗಳು ಕಬ್ಬಿಣದವಾಗಿ ಮೊಣಕೈಯುದ್ದ ಇರಬೇಕು, ಬೆನ್ನು ಪಡುವಣಕ್ಕೆ ಬಾಗಿಲು ಮೂಡಣಕ್ಕೆ ಇರಬೇಕು ಎಂದು ಒಂದೊಂದಾಗಿ ವಿವರಿಸಿದರು. ದೇವರ ಕಲ್ಲು ಹೇಗೂ ಮೂಡಣದಲ್ಲಿಯೇ ಬರುತ್ತಿತ್ತು. ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ಬಟ್ಟೆ ಅಪ್ಪಟ ಹತ್ತಿಯದೇ ಎಂದು ನಾನು ಮೂರು ಸಲ ಕೇಳಿ ಖಚಿತಪಡಿಸಿಕೊಂಡೆ. ನೀರು ತಡೆಯುತ್ತದೆಯೇ ಎಂದದ್ದಕ್ಕೆ ಸಾಹೇಬರು ಬಾಯಿಯಿಂದ ಉತ್ತರಿಸುವ ಬದಲು ಬಟ್ಟೆಯ ನಾಲ್ಕು ಮೂಲೆಗಳನ್ನು ನಾಲ್ಕು ಸ್ಟೂಲುಗಳಿಗೆ ಕಟ್ಟಿ, ನಡುವಿನ ತಗ್ಗಿಗೆ ಒಂದು ಕೊಡ ನೀರು ಸುರಿದು, ಚಹಾ ತರಿಸಿದರು. ಚಹಾ ಮುಗಿದ ಮೇಲೆ ಕೆಳಗೆ ಕೈಯಾಡಿಸಿ ನೋಡಲು ಹೇಳಿದರು. ನನ್ನ ಅಂಗೈಗೆ ಪಸೆಯೂ ತಗುಲಲಿಲ್ಲ. ಹೊಲಿದು ಮುಗಿಸಿ ಡೇರೆಯನ್ನು ಕೈಗಿಡುವಾಗ ಎರಡು ಮಾತು ಹೇಳಿದರು.

"ಸ್ವಾಮಿ, ಮಳೆ ಬೀಳೋವಾಗ ಒಳಗಿಂದ ಬಟ್ಟೆ ಮುಟ್ಟಬ್ಯಾಡ್ರಿ. ಇನ್ನೊಂದು, ಇದಕ್ಕೆ ಸೋಪು ಹಾಕಬ್ಯಾಡ್ರಿ. ಯಾವತ್ತೂ."

ಎರಡನ್ನೂ ಪಾಲಿಸುವುದಾಗಿ ಒಪ್ಪಿಕೊಂಡು ಬಂದೆ.

ಮನೆಗೆ ಬಂದು ಬಟ್ಟೆಯನ್ನು ಬಿಡಿಸಿ ಸವರಿ ನೋಡಿದಾಗ ನನ್ನ ಮನಸ್ಸು ಮುದುಡಿತು. ಬಟ್ಟೆ ಸೆಟೆದುಕೊಂಡಿತ್ತು. ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತಿತ್ತು. ಇದು ಗಂಜಿ ಎಂದುಕೊಂಡೆ. ಹೊಸ ಬಟ್ಟೆಗೆ ಮಗ್ಗದಲ್ಲಿ ಗಂಜಿ ಹಾಕುತ್ತಾರೆ. ಗಂಜಿ ಎಂದರೆ ಬೆಂದ ಅನ್ನದ ನೀರು, ಮುಸುರೆ. ಬಾಲ್ಯದಿಂದಲೂ ನಮ್ಮ ಮನೆಯಲ್ಲಿ ಅಂಗಡಿಯಿಂದ ಬಂದ ಬಟ್ಟೆ ಗಂಜಿ ಬಿಡಿಸಿ ಮಡಿ ಮಾಡದೆ ದೇವರ ಕೋಣೆಯ ಹೊಸ್ತಿಲನ್ನು ದಾಟಿದ್ದಿಲ್ಲ. ಇಲ್ಲಿಯಂತೂ ಆ ಬಟ್ಟೆಯೇ ದೇವರ ಕೋಣೆ. ಅದರಡಿಯಲ್ಲಿ ದೀಪ, ನೈವೇದ್ಯ, ಮಡಿಯುಟ್ಟ ಅಕ್ಕ. ಮುಸುರೆಯ ಕೆಳಗೆ ಮೂರು ದಿನದ ಸೇವೆ ನಡೆದರೆ ಹರಕೆ ಸಲ್ಲುತ್ತದೆಯೇ?

ಸಾಹೇಬರು ಸೋಪು ಬೇಡವೆಂದಿದ್ದರು. ಒಗೆಯಬಾರದು ಎಂದಿರಲಿಲ್ಲ. ಸೋಪಿನಲ್ಲಿ ಕೊಬ್ಬಿರುತ್ತದೆಂದು ಮಡಿಬಟ್ಟೆಗೆ ನಾವು ಎಂದೂ ಅದನ್ನು ಬಳಸಿದವರೂ ಅಲ್ಲ. ನಮ್ಮದು ಅಂಟುವಾಳದ ಕಾಯಿ. ಹೀಗೆ ಅವರ ಮಾತನ್ನು ಅಕ್ಷರಶಃ ಪಾಲಿಸುತ್ತಲೇ ನಾನು ಅಂಟುವಾಳವನ್ನು ಜಜ್ಜಿ, ಹಂಡೆಯ ಬಿಸಿನೀರಿನಲ್ಲಿ ಕದಡಿ, ಡೇರೆಯನ್ನು ಬಾವಿಕಟ್ಟೆಯ ಬಳಿಯ ತೊಟ್ಟಿಯಲ್ಲಿ ನೆನೆಹಾಕಿದೆ. ಇನ್ನೊಬ್ಬರ ಕೈಸೋಕಬಾರದೆಂದು ನಾನೊಬ್ಬನೇ ತಿಕ್ಕಿದೆ, ತುಳಿದೆ, ಹೆಚ್ಚುಕಡಿಮೆ ಒಂದು ಇಡೀ ಬೆಳಿಗ್ಗೆ. ಹಾಲಿನಂಥ ಬಿಳಿನೀರು ಹರಿದುಹೋಯಿತು. ಗಂಜಿ ಬಿಟ್ಟಿತೆಂದು ತೃಪ್ತಿಪಟ್ಟೆ. ಎರಡು ದಿನ ಬಿಸಿಲಿನಲ್ಲಿ ಒಣಗಿದ ಮೇಲೆ ಬಟ್ಟೆ ಹಳೆಯ ಪಂಚೆಯಂತೆ ಮೃದುವಾಗಿತ್ತು. ಮಡಚುವಾಗ ನನ್ನ ಮನಸ್ಸಿನಲ್ಲಿ ಧನ್ಯತೆಯೊಂದೇ ಇತ್ತು. ಇದನ್ನು ಯಾರಿಗಾದರೂ ಹೇಳಬೇಕೆಂದು ತೋಚಲೇ ಇಲ್ಲ.

ಆಷಾಢದ ಆ ದಿನ ಸೋದರಳಿಯ ನಮ್ಮನ್ನು ಜೀಪಿನಲ್ಲಿ ಗುಡ್ಡ ಹತ್ತಿಸಿ, ಗೂಟಗಳನ್ನು ಬಡಿದು, ಡೇರೆಯನ್ನು ಬಿಗಿದು ಹೊಸದುರ್ಗಕ್ಕೆ ಮರಳಿದ. ಅಲ್ಲಿ ಉಳಿದವರು ನಾವಿಬ್ಬರು. ಕೂಗಳತೆಯಲ್ಲಿ, ತಗಡಿನ ಕೋಣೆಯಲ್ಲಿ, ಗಾಳಿಯಂತ್ರಗಳನ್ನು ಕಾಯುವ ಒಬ್ಬ ನಡುವಯಸ್ಸಿನ ಕಾವಲುಗಾರ. ಯಲ್ಲದಕೆರೆಯವನು, ಮಿತಭಾಷಿ. ಅಕ್ಕ ದೀಪ ಹಚ್ಚಿದಳು. ಮೊದಲ ದಿನ ಬರೀ ಗಾಳಿ. ಮಾರಿಕಣಿವೆಯ ಹಿನ್ನೀರು ದೂರದಲ್ಲಿ ಸೀಸದ ತಗಡಿನಂತೆ ಕಾಣುತ್ತಿತ್ತು. ನೆತ್ತಿಯ ಮೇಲೆ ರೆಕ್ಕೆಗಳು ಸುತ್ತುವ ಸದ್ದು ಒಂದು ಕ್ಷಣವೂ ಬಿಡಲಿಲ್ಲ. ಡೇರೆ ಕುಗ್ಗಲಿಲ್ಲ, ಹಗ್ಗ ಸಡಿಲವಾಗಲಿಲ್ಲ. ಸಾಹೇಬರನ್ನು ಮನಸ್ಸಿನಲ್ಲಿಯೇ ಹರಸಿದೆ.

ಎರಡನೆಯ ದಿನ ಮಧ್ಯಾಹ್ನದ ನೈವೇದ್ಯ ಮುಗಿದ ಮೇಲೆ ಪಡುವಣದ ಬೆಟ್ಟಗಳು ಒಂದೊಂದಾಗಿ ಮರೆಯಾದವು. ಈ ಸೀಮೆಯಲ್ಲಿ ಆಷಾಢದ ಮಳೆ ಸಾಮಾನ್ಯವಾಗಿ ಸೋನೆ; ಮುಖಕ್ಕೆ ಚಿಮುಕಿಸಿ ಹೋಗುತ್ತದೆ. ಅಂದು ಬಂದದ್ದು ಹಾಗಿರಲಿಲ್ಲ. ಗಾಳಿಯ ಬೆನ್ನೇರಿ ಅಡ್ಡಡ್ಡಲಾಗಿ, ಕಾಳು ಎರಚಿದಂತೆ ಡೇರೆಯ ಬೆನ್ನಿಗೆ ಹೊಡೆಯತೊಡಗಿತು. ನಾನು ಜಪಸರವನ್ನು ಹಿಡಿದು ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಮೊಣಕೈಯ ಮೇಲೆ ತಣ್ಣಗೆ ಏನೋ ತಾಗಿತು. ನೋಡಿದರೆ ನನ್ನ ತಲೆಯ ಮೇಲಿನ ಬಟ್ಟೆಯ ಬಣ್ಣ ಕಪ್ಪಾಗುತ್ತಿತ್ತು. ಕಪ್ಪು ನಿಧಾನವಾಗಿ ಅಕ್ಕನ ಕಡೆಗೆ ಹರಡುತ್ತಿತ್ತು.

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅವಳಿಗೆ ತಿಳಿಯುವ ಮೊದಲೇ ಒರೆಸಿಬಿಡೋಣವೆಂದು ನಾನು ಅಂಗವಸ್ತ್ರದಿಂದ ಡೇರೆಯ ಒಳಮೈಯನ್ನು ಒತ್ತಿದೆ. ಒತ್ತಿದ ಜಾಗದಿಂದಲೇ ನೀರು ದಾರವಾಗಿ ಇಳಿಯಿತು. ಸಾಹೇಬರ ಮೊದಲನೆಯ ಮಾತು ಆಗ ನೆನಪಾಯಿತು. ಕೈ ಹಿಂದೆಗೆದೆ. ದಾರ ನಿಲ್ಲಲಿಲ್ಲ. ತಂಬಿಗೆಯನ್ನು ಕೆಳಗಿಟ್ಟೆ. ಇನ್ನೊಂದು ಕಡೆ ಹನಿ ಶುರುವಾಯಿತು, ಅಲ್ಲಿಗೆ ನೈವೇದ್ಯದ ಬಟ್ಟಲು. ಮೂರನೆಯದು ಅಕ್ಕನ ಹೆಗಲಿನ ಕಂಬಳಿಯ ಮೇಲೆ ಬಿತ್ತು. ಅವಳು ಕಣ್ಣು ತೆರೆದು ಮೇಲೆ ನೋಡಿದಳು. ಹೊಲಿಗೆಯುದ್ದಕ್ಕೂ ಸಣ್ಣ ಸಣ್ಣ ಬಿಳಿಯ ನೊರೆ ಎದ್ದಿತ್ತು. ಅವಳು ಮೂಗನ್ನು ಮೇಲೆತ್ತಿ ಉಸಿರೆಳೆದಳು.

"ಏನೋ ಇದು, ಅಂಟುವಾಳದ ವಾಸ್ನೆ?"

ನಾನು ಹೇಳಬೇಕಾಯಿತು. ಗಂಜಿ, ಮುಸುರೆ, ಬಿಸಿನೀರು, ಎಲ್ಲವನ್ನೂ ಹೇಳಿದೆ. ಹೇಳುತ್ತಿರುವಾಗಲೇ, ತೊಟ್ಟಿಯಿಂದ ಹರಿದುಹೋದ ಆ ಬಿಳಿಯ ನೀರು ಏನಾಗಿತ್ತೆಂಬುದು ನನಗೇ ಅರ್ಥವಾಯಿತು. ನೀರನ್ನು ತಡೆಯಲೆಂದು ಬಟ್ಟೆಗೆ ತುಂಬಿದ್ದ ಮೇಣವನ್ನು ನಾನು ನನ್ನ ಕೈಯಾರೆ ತುಳಿದು ತೆಗೆದಿದ್ದೆ. ಅಕ್ಕ ಬೈಯಲಿಲ್ಲ.

"ಸಾಬ್ರು ಸೋಪು ಬ್ಯಾಡ ಅಂದ್ರೆ, ನೀನು ಸೋಪಿಗೆ ಒಬ್ಬ ಅಣ್ಣನ್ನ ಹುಡುಕ್ಕಂಡು ಬಂದೆ," ಎಂದಳು. ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ನಿಲ್ಲಲಿಲ್ಲ.

ಮುಂದಿನ ಅರ್ಧ ಗಂಟೆ ಮಳೆ ಬಿಡಲಿಲ್ಲ. ಕಂಬಳಿ ನೆನೆಯಿತು. ನನ್ನ ಶಾಲನ್ನು ಹೊದಿಸಿದೆ, ಅದೂ ನೆನೆಯಿತು. ಅವಳ ಎದೆಯೊಳಗಿನಿಂದ ಸೀಟಿಯಂಥ ಸದ್ದು ಬರತೊಡಗಿತು. ಹೊರಗಿನ ಗಾಳಿಯ ನಡುವೆಯೂ ಅದೊಂದೇ ನನಗೆ ಕೇಳಿಸುತ್ತಿತ್ತು. ಉಬ್ಬಸಕ್ಕೆ ವೈದ್ಯರು ಕೊಟ್ಟಿದ್ದ ಪಂಪನ್ನು ಎರಡು ಸಲ ಎಳೆದುಕೊಂಡಳು. ಮೂರನೆಯ ಸಲಕ್ಕೆ ನಾನೇ ಹಿಡಿದೆ. ಸೋದರಳಿಯನಿಗೆ ಫೋನು ಮಾಡಿದೆ. ಹೊರಟೇಬಿಟ್ಟೆನೆಂದ, ಆದರೆ ಬುಡದ ಎರೆಮಣ್ಣಿನ ದಾರಿಯಲ್ಲಿ ಜೀಪು ಹತ್ತುವುದೋ ಇಲ್ಲವೋ, ಎಷ್ಟು ಹೊತ್ತಾಗುವುದೋ ಹೇಳಲಾರೆನೆಂದ. ಕಾವಲುಗಾರನ ಕೋಣೆಗಾದರೂ ಹೋಗೋಣ ಎಂದು ಅಕ್ಕನನ್ನು ಬೇಡಿಕೊಂಡೆ. ಅವಳು ದೀಪದ ಕಡೆಗೆ ಕೈ ತೋರಿಸಿ ತಲೆಯಾಡಿಸಿದಳು. ಅದು ಉರಿಯುತ್ತಿರುವವರೆಗೆ ಅವಳು ಏಳುವವಳಲ್ಲ.

ದೀಪ ಅವಳಿಗೂ ನನಗೂ ನಡುವೆ, ಮಡಕೆಯ ಮರೆಯಲ್ಲಿ ಉರಿಯುತ್ತಿತ್ತು. ಕುಡಿ ಒಮ್ಮೆ ಬಾಗಿ, ಒಮ್ಮೆ ಏಳುತ್ತಿತ್ತು. ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ: ಅದು ಆರಿಹೋಗಲಿ ಎಂದು ನಾನು ಬಯಸಿದೆ. ಅಷ್ಟೇ ಅಲ್ಲ, ಮಡಕೆಯನ್ನು ಒಂದು ಗೇಣು ಆಚೆ ಸರಿಸಿದರೆ ಸಾಕು, ಗಾಳಿಯೇ ಉಳಿದದ್ದನ್ನು ಮಾಡುತ್ತದೆ ಎಂದು ಎಣಿಸಿದೆ. ಕೈ ಮುಂದೆ ಹೋಯಿತು. ಅರುವತ್ತು ವರ್ಷ ಸಂಧ್ಯಾದೀಪಕ್ಕೆ ಮುಗಿದ ಕೈ ಅದು. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬತ್ತಿಯನ್ನು ಸರಿಪಡಿಸಿದವನಂತೆ ನಟಿಸಿ ಹಿಂದಕ್ಕೆ ಸರಿದೆ.

ಅಷ್ಟರಲ್ಲಿ ಕಾವಲುಗಾರ ಬಾಗಿಲಿನ ಬಟ್ಟೆಯನ್ನು ಸರಿಸಿ ಬಗ್ಗಿ ನೋಡಿದ. ಅಕ್ಕನ ಉಸಿರನ್ನು ಕೇಳಿ ಅವನ ಮುಖ ಬದಲಾಯಿತು.

"ದೊಡ್ಡವ್ವ, ಎದ್ದು ರೂಮಿಗೆ ಬರ್ರಿ. ಒಳಗೆ ಬೆಚ್ಚಗೈತೆ."

"ಅದು ಸೂರು, ತಮ್ಮ."

ಹಾಗಾದರೆ ಯಂತ್ರದ ಸಾಮಾನುಗಳಿಗೆ ಮುಚ್ಚುವ ನೀಲಿ ಪ್ಲಾಸ್ಟಿಕ್ ತಾಡಪಾಲೊಂದು ತನ್ನ ಬಳಿ ಇದೆ, ಅದನ್ನು ಡೇರೆಯ ಮೇಲೆ ಎಳೆದು ಕಟ್ಟಿಬಿಡುತ್ತೇನೆ ಎಂದ. ನನ್ನ ಬಾಯಿಂದ 'ತಾ' ಎಂಬ ಮಾತು ಹೊರಡುವಷ್ಟರಲ್ಲಿ ಅಕ್ಕ ನನ್ನ ಮಣಿಕಟ್ಟನ್ನು ಹಿಡಿದಳು. ಒಂದೊಂದು ಮಾತಿಗೂ ಉಸಿರನ್ನು ಹುಡುಕಿಕೊಳ್ಳುತ್ತ ಕೇಳಿದಳು.

"ಪ್ಲಾಸ್ಟಿಕ್ಕು ಬಟ್ಟೆ ಅಲ್ಲ ಅಂತ ನೀನೇ ಹೇಳಿದ್ದಲ್ಲಪ್ಪ. ಸೂರಿಗೆ ಸಮ ಅಂತ. ಈಗ ಹೇಳು, ಏನದು?"

"ಅಕ್ಕ, ಮೊದಲು ಅವನು ಕಟ್ಟಲಿ."

"ನನ್ ಜೀವಕ್ಕೋಸ್ಕರ ಹೇಳಬ್ಯಾಡ. ಹುಡುಗನ ಮ್ಯಾಲೆ ಬರೋ ಮಾತಿದು. ದೀಪದ ಮ್ಯಾಲೆ ಕೈಯಿಟ್ಟು ಹೇಳು."

ಕಾವಲುಗಾರ ಮಳೆಯಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದ. ನಾನು ದೀಪದ ಮೇಲೆ ಅಂಗೈ ಹಿಡಿದೆ. ಸುಳ್ಳು ಹೇಳಿ ಅವಳನ್ನು ಉಳಿಸಿಕೊಳ್ಳಲು ನಾನು ಸಿದ್ಧನಿದ್ದೆ. ಆದರೆ ಆ ಶಾಖದ ಮೇಲೆ ಕೈಯಿಟ್ಟು ಯೋಚಿಸಿದಾಗ ಸುಳ್ಳಿನ ಅಗತ್ಯವೇ ಇಲ್ಲವೆಂದು ತಿಳಿಯಿತು. ಸುಳ್ಳನ್ನು ನಾನು ಮೊದಲೇ, ಹೊಳಲ್ಕೆರೆಯ ತಾರಸಿಯ ಮೇಲೆಯೇ ಹೇಳಿ ಮುಗಿಸಿದ್ದೆ.

"ಅವತ್ತು ನಾನು ಹೇಳಿದ್ದು ಶಾಸ್ತ್ರವಲ್ಲ, ಅಕ್ಕ. ನಿನ್ನ ಮಗ 'ನಿಮಗಿದು ಗೊತ್ತಿಲ್ಲ' ಅಂದ, ಆ ಹಟಕ್ಕೆ ಹೇಳಿದೆ. ನಾಲ್ಕು ಗೋಡೆ ಹೊತ್ತದ್ದು ಸೂರು. ಮಡಚಿ ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಇಳಿಯಬಹುದಾದದ್ದು ಸೂರಲ್ಲ. ಯಾವುದರಿಂದ ಮಾಡಿದರೂ ಅಲ್ಲ. ಇದು ನಿಜ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಂಗೈ ಸುಡತೊಡಗಿತು. ತೆಗೆಯಲಿಲ್ಲ.

"ಕಟ್ಟಪ್ಪ," ಎಂದಳು ಕಾವಲುಗಾರನಿಗೆ.

ಅವನೊಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. ನಾನು ಹೊರಗೆ ಹೋದೆ. ಗಾಳಿ ಪ್ಲಾಸ್ಟಿಕ್ಕನ್ನು ಹಾಯಿಯಂತೆ ಉಬ್ಬಿಸಿ ನನ್ನನ್ನು ಎರಡು ಸಲ ಮಂಡಿಯೂರಿಸಿತು. ಒಂದು ಮೂಲೆಯನ್ನು ನಾನು ಮೈಯೆಲ್ಲ ಚೆಲ್ಲಿ ಒತ್ತಿ ಹಿಡಿದಿದ್ದಾಗ ಅವನು ಉಳಿದ ಮೂರನ್ನು ಸಾಹೇಬರ ಗೂಟಗಳಿಗೆ ಬಿಗಿದು, ಕೊನೆಗೆ ನನ್ನ ಕೆಳಗಿನ ಮೂಲೆಯನ್ನೂ ಬಿಗಿದ. ಮೇಣ ಹೋಗಿದ್ದರೂ ಹೊಲಿಗೆ ಹೋಗಿರಲಿಲ್ಲ; ಅಂಚಿನ ಹಗ್ಗ ಆ ಎಳೆತವನ್ನೆಲ್ಲ ತಡೆದುಕೊಂಡಿತು. ಒಳಗೆ ಬಂದಾಗ ಹನಿ ನಿಂತಿತ್ತು. ಕಾವಲುಗಾರ ತನ್ನ ಕೋಣೆಯಿಂದ ಒಣ ಕಂಬಳಿಯನ್ನೂ ಬಿಸಿನೀರನ್ನೂ ತಂದುಕೊಟ್ಟ. ಆ ಕಂಬಳಿ ಎಲ್ಲಿಯದು, ಯಾರು ಹೊದ್ದದ್ದು, ಮಡಿಯೋ ಮೈಲಿಗೆಯೋ ಎಂದು ಅಕ್ಕನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸೀಟಿಯ ಸದ್ದು ಕೂಡಲೇ ಹೋಗಲಿಲ್ಲ. ಒಂದೊಂದು ಉಸಿರನ್ನೂ ಎಣಿಸುತ್ತ ಕುಳಿತೆ. ಜಪಸರ ಕೈಯಲ್ಲಿಯೇ ಇತ್ತು. ಮಣಿಗಳ ಮೇಲೆ ನಾಮದ ಬದಲು ಅವಳ ಉಸಿರು ಸರಿಯಿತು. ನಾಲ್ಕನೆಯ ಸುತ್ತು ಮುಗಿಯುವ ಹೊತ್ತಿಗೆ ಉಸಿರುಗಳ ನಡುವಿನ ಅಂತರ ಹಿಗ್ಗಿತು. ಭುಜಗಳು ಇಳಿದವು. ಬೆಳಕಿರುವಾಗಲೇ ಸೋದರಳಿಯ ಬಂದ. ಜೀಪನ್ನು ಕೆಳಗೆ ಬಿಟ್ಟು, ಮೊಣಕಾಲವರೆಗೂ ಎರೆಮಣ್ಣು ಮೆತ್ತಿಕೊಂಡು, ಆ ಎಡಗಾಲನ್ನು ಎಳೆದುಕೊಂಡೇ ಹತ್ತಿದ್ದ. ಮೇಲಿನ ನೀಲಿ ಪ್ಲಾಸ್ಟಿಕ್ಕನ್ನು ನೋಡಿದ, ನನ್ನನ್ನು ನೋಡಿದ. ಅಮ್ಮನ ಪಾದಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದ. ಅಂದಿನಿಂದ ಸೇವೆ ಮುಗಿಯುವವರೆಗೂ ಅವನು ಅಲ್ಲಿಂದ ಕದಲಲಿಲ್ಲ. ದೀಪವೂ ಆರಲಿಲ್ಲ.

ಗುಡ್ಡದಿಂದ ನೇರವಾಗಿ ಹಿರಿಯೂರಿಗೆ ಹೋದೆವು. ವೈದ್ಯರು ಅಕ್ಕನನ್ನು ಎರಡು ದಿನ ಇರಿಸಿಕೊಂಡು, ನಮ್ಮೆಲ್ಲರನ್ನೂ ಚೆನ್ನಾಗಿ ಬೈದು ಕಳಿಸಿದರು. ಆಮೇಲೆ ನಾನು ಡೇರೆಯನ್ನು ಹೊತ್ತು ಚಿತ್ರದುರ್ಗಕ್ಕೆ ಹೋಗಿ ಸಾಹೇಬರ ಮುಂದೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ಇಷ್ಟು ಶುಭ್ರವಾದ ತಾಡಪಾಲನ್ನು ತಾವು ಈ ಕಸುಬಿನಲ್ಲಿ ಕಂಡಿಲ್ಲವೆಂದು ಗಂಭೀರವಾಗಿ ಹೇಳಿದರು. ಮೇಣ ಕಾಯಿಸಿ ಮತ್ತೆ ಹಚ್ಚಿಕೊಟ್ಟರು. ಆ ಕೆಲಸ ಮುಗಿಯುವವರೆಗೂ ನಾನು ಪಕ್ಕದಲ್ಲಿ ಕುಳಿತು, ಬಿಳಿಯ ಮೇಣ ನೂಲಿನೊಳಗೆ ಇಂಗುವುದನ್ನು ನೋಡಿದೆ.

ಡೇರೆ ಮತ್ತೆ ಸೆಟೆದುಕೊಂಡು ಮರಳಿತು. ಹರಕೆ ಮುಗಿದಿದ್ದರೂ ಅಕ್ಕ ಅದನ್ನು ಮುಂದಿನ ಆಷಾಢಕ್ಕೆಂದು ಎತ್ತಿಡಲು ಹೇಳಿದಳು. ಅತ್ತೆಮನೆಯವರಲ್ಲಿ ಯಾರಾದರೊಬ್ಬರು ಸೇವೆಗೆ ಹೋಗಿಯೇ ಹೋಗುತ್ತಾರೆ. ಹೊಳಲ್ಕೆರೆಯ ನನ್ನ ಮನೆಯ ಅಟ್ಟದಲ್ಲಿ ಇಡುತ್ತೇನೆಂದೆ. ಅವಳು ಒಪ್ಪಲಿಲ್ಲ.

"ಬ್ಯಾಡ. ನಿಮ್ಮನೇಲಿ ಬಾವಿ ಐತೆ," ಎಂದಳು.

ಡೇರೆ ಈಗ ಹೊಸದುರ್ಗದಲ್ಲಿ, ಸೋದರಳಿಯನ ಮನೆಯಲ್ಲಿ, ಅವನ ಆ ನೈಲಾನಿನ ಗಂಟಿನ ಪಕ್ಕದಲ್ಲಿಯೇ ಇದೆ.